ಹದಿನಾಲ್ಕನೇ ಪ್ರಶ್ನೆ

ಮಡಕಶಿರಾದಿಂದ ಐದೂಕಾಲರ ಬಸ್ಸು.
ಪೆನುಕೊಂಡದ ಬೆಟ್ಟ ಇನ್ನೂ ಕಪ್ಪಗಿರುವಾಗಲೇ
ಗೇಟಿನಲ್ಲಿ ಬೆರಳು ಒತ್ತಿರುತ್ತೇವೆ.
ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕಲಿತದ್ದು ತೆಲುಗು,
ಹೊಲಿಗೆ ಮೆಷಿನ್ನಿನ ಮೇಲೆ ಕೊರಿಯಾದ ಚೌಕ ಚೌಕ ಅಕ್ಷರ.
ಕೆಂಪಾದರೆ ನಿಲ್ಲಿಸು. ಅಷ್ಟು ಗೊತ್ತು.

ಮೇಲಿನವರ ಹೆಸರು ನಾಮ್.
ಮೊದಲ ವಾರ ನಕ್ಕಿದ್ದೆವು, ಯಾರಿಗೆ ಹಾಕೋಕೆ ಬಂದವ್ನೋ ಅಂತ.
ಹಾಕಲಿಲ್ಲ, ಪಾಪ. ಓಟಿ ದುಡ್ಡು ಕಾಸಿಗೆ ಕಾಸು ಸರಿ.
ಕಂಡ ಕೂಡಲೇ ಕೇಳಿದ್ದು ವಯಸ್ಸು,
ನಮ್ಮೂರ ಅಜ್ಜಿಯರ ಹಾಗೆ, ಸಂಕೋಚವಿಲ್ಲದೆ.
ಸಂಬಳದ ಚೀಟಿ ಎರಡೂ ಕೈಯಲ್ಲಿ ಕೊಡುತ್ತಾರೆ,
ಎರಡೂ ಕೈಯಲ್ಲಿ ತಗೊಳ್ತೀವಿ.
ಇಷ್ಟರ ಮಟ್ಟಿಗೆ ಒಂದೇ ಕುಲ.

ಕೆಟ್ಟದ್ದು ಒಂದೇ ಮಾತಿನಿಂದ.
ಶುಕ್ರವಾರಕ್ಕೆ ಎರಡು ಸಾವಿರ ಸೀಟು ಕವರು ಆಗುತ್ತಾ?
"ನೋಡೋಣ ಸಾರ್" ಅಂದೆ.
ನಮ್ಮಲ್ಲಿ ಹೆಣ್ಣು ಕೇಳಿ ಬಂದವರು, ಸಾಲ ಕೇಳಿ ಬಂದವರು
ಈ ಮಾತು ಕೇಳಿದರೆ
ಎಲೆಯಡಿಕೆ ತಗೊಂಡು ಚಪ್ಪಲಿ ಹುಡುಕುತ್ತಾರೆ.
ದುಭಾಷಿ ಹುಡುಗ ಗುಂಟೂರಿನವನು, ಕೆಲಸಕ್ಕೆ ಹೊಸಬ,
ತೆಲುಗಿನಲ್ಲಿ 'ಚೂದ್ದಾಂ' ಅಂತ ಕೇಳಿಸಿಕೊಂಡು
ಇಂಗ್ಲಿಷಿನಲ್ಲಿ 'ಯೆಸ್' ಮಾಡಿ ಬಡಿಸಿದ.
ಶುಕ್ರವಾರ ಲಾರಿ ಬಂತು. ಕವರು ಸಾವಿರದ ಮುನ್ನೂರು.
ನಾಮ್ ಬೈಯಲಿಲ್ಲ.
ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು, ಉದ್ದಕ್ಕೆ.
ಅದು ಅವರ ದೇಶದ 'ನೋಡೋಣ' ಅಂತ
ತಿಳಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಈಗ ಸಿಯೋಲಿನಿಂದ ಹಾಳೆ ಬಂದಿದೆ, ನಲವತ್ತು ಪ್ರಶ್ನೆ.
ಹೆಸರು ಬರೆಯಬೇಡಿ, ಮನಸ್ಸಿನಲ್ಲಿದ್ದದ್ದು ಬರೆಯಿರಿ.
ಯಾವ ದೇಶದವರಿಗೆ ಯಾವುದು ದೊಡ್ಡದೋ ಅಳೆಯುತ್ತಾರಂತೆ,
ರಜವೋ, ಬಡ್ತಿಯೋ, ಒಂದು ಒಳ್ಳೆ ಮಾತೋ.
ಕದಿರಮ್ಮ ಆಕಳಿಸುತ್ತ ಎಲ್ಲದಕ್ಕೂ ಮೂರು ಹಾಕಿದಳು,
ನಡುವಿನಲ್ಲಿ ನಿಂತರೆ ಯಾರೂ ಆಚೆ ತಳ್ಳಲ್ಲ ಅಂತ
ಅವಳ ಬಸ್ಸಿನ ಲೆಕ್ಕ.

ಹದಿನಾಲ್ಕನೆಯದು ತೆಲುಗಿನಲ್ಲೂ ಗಂಟಾಗಿತ್ತು.
ನಾನೇ ಬಿಡಿಸಿ ಹೇಳಿದೆ, ಕನ್ನಡ ಮಾಡಿ:
ಮೇಲಿನವರು ಹೇಳಿದ್ದು ತಪ್ಪು ಅನ್ನಿಸಿದರೆ
ಹಾಗಂತ ಹೇಳೋಕೆ ಭಯವಾ?
ಯಾವತ್ತೂ ಇಲ್ಲ ಅಂದರೆ ಒಂದು. ಯಾವಾಗಲೂ ಅಂದರೆ ಐದು.

ಮೆಷಿನ್ ನಿಂತ ಹಾಲು. ಫ್ಯಾನಿನ ಸದ್ದು.
ಹಿಂದಿನ ಸಾಲಿನ ಗಂಗರತ್ನ ಎದ್ದು ನಿಂತು
ಸೂಪರ್‌ವೈಸರ್ ಓಬುಳೇಶುವನ್ನು ಕೇಳಿದಳು,
"ಇದಕ್ಕೆ ಎಷ್ಟು ಬರೀಬೇಕು ಸಾರ್?"

ಓಬುಳೇಶು ಕತ್ತು ಕೆರೆದುಕೊಂಡು
ನಾಮ್ ಕಡೆ ನೋಡಿದ.
ನಾಮ್ ಬಾಗಿಲ ಹತ್ತಿರ ನಿಂತಿದ್ದರು,
ಅವರ ಕೈಯಲ್ಲೂ ಅದೇ ಹಾಳೆ,
ಹದಿಮೂರರ ತನಕ ತುಂಬಿತ್ತು.
ಅವರು ಫೋನಿನ ಕಡೆ ನೋಡುತ್ತಿದ್ದರು.

ನಾನು ಒಂದು ಅಂತ ಬರೆದೆ.
ಎಡಗೈ ಅಡ್ಡ ಹಿಡಿದು,
ಯಾರಿಗೂ ಕಾಣದ ಹಾಗೆ.