ಎರಡು ಪದ ಹೆಚ್ಚು

ಕಾರವಾರ, ಸಂಜೆ ಆರೂವರೆ. ಇಂಟರ್‌ಮೀಡಿಯೆಟ್ ಬ್ಯಾಚು.
ಬೈತಖೋಲದ ಐಸ್ ಫ್ಯಾಕ್ಟರಿಯಿಂದ ನೇರ ಬರುವ
ಸುಗಂಧಾ ತಾಂಡೇಲಳ ನೋಟ್‌ಬುಕ್ಕಿನ ಮೂಲೆ
ಯಾವಾಗಲೂ ಒದ್ದೆ.

‘ಬೀನ್’ ಅಂದರೆ ಹೋಗಿ ಬಂದಾಯ್ತು,
‘ಗಾನ್’ ಅಂದರೆ ಇನ್ನೂ ಅಲ್ಲೇ;
ಹಲಗೆಯ ಮೇಲೆ ಬಾಣ ಎಳೆದು ತೋರಿಸಿದ್ದೆ.

ಆದರೂ ಬರೆದಿದ್ದಾಳೆ:
‘ಮೈ ಹಸ್ಬೆಂಡ್ ಸೆಡ್, ಐ ವಿಲ್ ಗೋ ಅಂಡ್ ಕಮ್.’
ಕೊನೆಯ ಎರಡು ಪದಕ್ಕೆ
ಕೆಂಪು ಗೀಟು ಹಾಕಿದೆ.

‘ಸರ್, ಅದು ಇರ್ಲಿ’ ಅಂದಳು,
‘ಬರೀ ಹೋಗ್ತೆ ಅಂದ್ಕಂಡು
ನಮ್ಮಲ್ಲಿ ಯಾರೂ ಬೋಟು ಹತ್ತೂದಿಲ್ಲ.’

ಕಿಟಕಿಯಾಚೆ ಕತ್ತಲಲ್ಲಿ
ದೇವಗಡದ ದೀಪ ಒಮ್ಮೆ ಕಂಡಿತು, ಆರಿತು.
ಮುಂದಿನದಕ್ಕೆ ಇಬ್ಬರೂ ಕಾದೆವು.

ಮಾರ್ಕು ಕಳೆಯಲಿಲ್ಲ.
‘ನಾಳೆ ಪ್ರಿಪೊಸಿಶನ್’ ಎಂದು ಪುಸ್ತಕ ಮುಚ್ಚಿ
ಚಪ್ಪಲಿ ಮೆಟ್ಟುತ್ತ
‘ಬರ್ತೇನೆ’ ಅಂದೆ,
ಹೊರಟವನು ನಾನೇ.