ಹದಿನೇಳನೆಯ ಅಡಿಟಿಪ್ಪಣಿ

ಮೊದಲು ಹುಡುಕಿದ್ದು ಕಾಗದದಲ್ಲೇ.
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ
ಮಾಹಿತಿ ಹಕ್ಕಿನ ಅರ್ಜಿ, ಮೂವತ್ತು ದಿನ,
ಆಮೇಲೆ ಮೇಲ್ಮನವಿ, ಮತ್ತೆ ಕಾಯುವುದು.
ಉತ್ತರ ಬಂತು, ಒಂದೇ ಸಾಲು:
ಕೇಳಿದ ಕಡತ ಈ ಕಚೇರಿಗೆ ಸಂಬಂಧಿಸಿದ್ದಲ್ಲ.
ಸಹಿ ಮಾತ್ರ ಬಹಳ ಚೆಂದ,
ಬಾಲ ಎತ್ತಿದ ಅಳಿಲಿನ ಹಾಗೆ.

ಕಂಪನಿಗೆ ಹೆಸರೇ ನಿಲ್ಲುವುದಿಲ್ಲ.
ನೀಲಾಂಗ ಕೆಮಿಕಲ್ಸ್ ಇದ್ದದ್ದು ನೀಲಾಂಗ ಆಗ್ರೋ ಆಗಿ
ಈಗ ಬರೀ ಎನ್. ಎ. ವೆಂಚರ್ಸ್.
ಶುಲ್ಕ ಕಟ್ಟಿ ತೆಗೆಸಿದ ದಾಖಲೆಯಲ್ಲಿ
ನಿರ್ದೇಶಕರ ವಿಳಾಸ: ಧಾರವಾಡ, ಸಪ್ತಾಪುರ,
ಹಲ್ಲಿನ ಡಾಕ್ಟರ ಮೇಲಿನ ಮಾಳಿಗೆ.
ಚಿಗರಿ ಬಸ್ಸು ಹತ್ತಿ ಹೋಗಿ ಬಾಗಿಲು ತಟ್ಟಿದೆ.
ಬನಿಯನ್ನಿನಲ್ಲಿ ಒಬ್ಬ ಬಂದ, ಕೈತುಂಬ ಹಿಟ್ಟು.
"ಡೈರೆಕ್ಟರ್ ನಾನಽ ಅಂತ್ರಿ.
ಸಾಹೇಬ್ರ ಕಾರು ಹೊಡೀತೀನಿ.
ಸಹಿ ಮಾಡು ಅಂದ್ರು, ಮಾಡೀನಿ.
ಬಿಸಿ ರೊಟ್ಟಿ ಐತಿ, ಉಣ್ತೀರೇನು?"
ಉಂಡೆ. ಅದಕ್ಕೆ ರಸೀದಿ ಇಲ್ಲ.

ವಾರ್ಷಿಕ ವರದಿ ಎಪ್ಪತ್ತೆರಡು ಪುಟ.
ಮುಖಪುಟದಲ್ಲಿ ಹಸಿರೆಲೆ, ಎಲೆಯ ಮೇಲೊಂದು ಹನಿ.
ಅರವತ್ತನೆಯ ಪುಟದ ತಳದಲ್ಲಿ
ಇರುವೆಸಾಲಿನಂಥ ಅಕ್ಷರ:
ಕಾರ್ಮಿಕರು ನಲವತ್ತೆರಡು. ಅವಘಡ ಸೊನ್ನೆ.

ದುರ್ಗದಬೈಲಿನ ಹಿಂದೆ ಗೌಸಮೊದೀನನ ರದ್ದಿ ಅಂಗಡಿ.
ಅಹವಾಲು ಸಭೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿರಲೇಬೇಕು,
ನಿಯಮ ಹಾಗೆ. ಯಾವ ಪತ್ರಿಕೆ ಎಂದು ನಿಯಮ ಹೇಳುವುದಿಲ್ಲ.
ಮೂರು ದಿನ ಧೂಳು ತಿಂದೆ.
ಸಿಕ್ಕಿತು, ನಾಲ್ಕೇ ಪುಟದ ಒಂದು ಹಾಳೆಯಲ್ಲಿ,
ಕಳೆದುಹೋದ ಮಾರ್ಕ್ಸ್ ಕಾರ್ಡಿಗೂ ವಧು ಬೇಕಾಗಿದ್ದಾಳೆಗೂ ನಡುವೆ.
ಸಭೆ ಇಟ್ಟದ್ದು ಗಣಪತಿ ಕಳಿಸುವ ದಿನ.
ಯಾರೂ ಬರಲಿಲ್ಲ, ಹಾಗಾಗಿ
ಯಾರ ಆಕ್ಷೇಪವೂ ಇಲ್ಲ.
ತಕ್ಕಡಿಯಲ್ಲಿಟ್ಟು ತೂಗಿದ ಗೌಸಮೊದೀನ: ಏಳು ರೂಪಾಯಿ.

ತಾರಿಹಾಳದ ಚಹದಂಗಡಿಯಲ್ಲಿ ಮಾತ್ರ ಎಲ್ಲರೂ ಮೂಕರು.
ಎದುರು ಕೂತವನ ಕೊರಳಪಟ್ಟಿ ಮಾತಾಡಿತು:
ಒಳಮಗ್ಗುಲಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ,
ಕೇರುಬೀಜದ ಕಪ್ಪು.
ಕಂಪನಿ ಹೆಸರು ಬದಲಿಸಬಹುದು,
ಆ ಗುರುತು ಅಂಗಿ ಹರಿದರೂ ಹೋಗುವುದಿಲ್ಲ.

ಗುರುತಿನ ಬೆನ್ನು ಹತ್ತಿ ಹೊರಟೆ. ಹಳೇ ಹುಬ್ಬಳ್ಳಿ,
ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಓಣಿ.
ಒಗೆಯುವವಳು ಕೈ ಒರೆಸಿಕೊಂಡು ನೋಟುಬುಕ್ಕು ತಂದಳು.
ಅಕ್ಷರ ಒಂದೂ ಇಲ್ಲ. ಗೆರೆ,
ಐದಕ್ಕೊಂದು ಅಡ್ಡಗೆರೆ, ವಾರಕ್ಕೊಂದು ಪುಟ.
ಬೆರಳಿಟ್ಟು ಎಣಿಸಿದೆ, ಎರಡು ಸಲ ಎಣಿಸಿದೆ:
ನೂರಾ ಹದಿನೆಂಟು ಅಂಗಿ,
ನೂರಾ ಹದಿನೆಂಟು ಬೇರೆ ಬೇರೆ ಗುರುತು.
ಲೆಕ್ಕ ಖರೇನಾ ಅಕ್ಕಾ, ಎಂದುಬಿಟ್ಟೆ.
ನಕ್ಕಳು. "ತಪ್ಪು ಎಣಿಸಿದ್ರ ಯಾರಿಗೆ ಲುಕ್ಸಾನು ತಂಗಿ?
ಅಂಗಿಗೆ ಆರು ರೂಪಾಯಿ."
ಯಾವ ಲೆಕ್ಕಪರಿಶೋಧಕನೂ
ಇಷ್ಟು ಸಣ್ಣ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿರಲಿಲ್ಲ.

ಒಂದು ಪುಟದಲ್ಲಿ ಗೆರೆಗಳ ಕೊನೆಗೆ
ಮೂರು ಸೊನ್ನೆ.
ಇವು?
ಆಕೆ ಟ್ರಂಕಿನ ಮೇಲಿನ ಚಾಪೆ ಸರಿಸಿದಳು.
"ತೋಳು ಸುಟ್ಟು ಬಂದಿದ್ವು. ಒಗದೆ.
ತಿರುಗಿ ಒಯ್ಯಾಕ ಯಾರೂ ಬರಲಿಲ್ಲ."
ಇಸ್ತ್ರಿ ಮಾಡಿ ಇಟ್ಟಿದ್ದಳು,
ಸುಟ್ಟ ತೋಳನ್ನು ಒಳಕ್ಕೆ ಮಡಚಿ,
ಗುಂಡಿ ಎಲ್ಲ ಹಾಕಿ.
"ಹೆಸರು ಬರೀಬ್ಯಾಡ," ಅಂದಳು.

ವರದಿ ಮುಗಿಯಿತು.
ಹದಿನಾರು ಟಿಪ್ಪಣಿಗೂ ಪುಟ, ದಿನಾಂಕ, ಕಡತ ಸಂಖ್ಯೆ.
ಹದಿನೇಳಕ್ಕೆ ಬರೆದೆ: ಒಂದು ನೋಟುಬುಕ್ಕು. ಕಣ್ಣಾರೆ ನೋಡಿದ್ದೇನೆ.
ವಕೀಲ ಸಂಗೊಳ್ಳಿಮಠರು ಕನ್ನಡಕ ಹಣೆಗೇರಿಸಿ
"ಹೆಸರಿಲ್ಲದ್ದು ಕೋರ್ಟಿನ್ಯಾಗ ನಿಲ್ಲೂದಿಲ್ಲವಾ" ಅಂದರು.
ನಿಲ್ಲದಿದ್ದರೆ ಕೂಡಲಿ ಎಂದೆ.
ಅಲ್ಲೇ ಕೂತಿದೆ.

ಮೇಲೆ ಹಳೇ ಹುಬ್ಬಳ್ಳಿ ಎಂದೆನಲ್ಲ,
ಅಲ್ಲಿ ಹುಡುಕಬೇಡಿ.
ಎರಡು ಚುಕ್ಕಿ, ಓರೆಗೆರೆ ಎಂದದ್ದೂ ಹಾಗಲ್ಲ.
ಅಂಗಿ ಮಾತ್ರ
ಮೂರೇ.