ಬಿಟ್ಟದ್ದರ ಪಟ

ಹಗಲಲ್ಲಿ ನಾನು ಎದೆಗೂಡುಗಳ ಚಿತ್ರ ತೆಗೆಯುವವನು,
ಹೊಸನಗರದ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ.
ಉಸಿರು ಹಿಡೀರಿ, ಅಲ್ಲಾಡಬೇಡಿ, ಆಯ್ತು, ಬಿಡಿ.
ಒಂದೇ ಏಟಿಗೆ ಮುಗಿಯುವ ಕೆಲಸ.

ಆಕಾಶ ಹಾಗಲ್ಲ.
ಒಂದು ಪಟದಲ್ಲಿ ಅದು ಬರೀ ಮರಳು,
ಜ್ಯೇಷ್ಠೆಯ ಪಕ್ಕದ ಧೂಳಿಗೆ ಬಣ್ಣವಿದೆಯೆಂದರೆ ಯಾರೂ ನಂಬರು.
ಅದಕ್ಕೇ ಚೈತ್ರದ ಅಮಾವಾಸ್ಯೆ, ಮಾಸ್ತಿಕಟ್ಟೆಯಾಚೆ,
ಮಾಣಿ ಹಿನ್ನೀರಿನ ದಂಡೆಯಲ್ಲಿ ಮುಕ್ಕಾಲಿ ನೆಟ್ಟು
ಎರಡೆರಡು ನಿಮಿಷದ ತೊಂಬತ್ತು ಪಟ.

ಮನೆಗೆ ಬಂದು ಒಂದರ ಮೇಲೊಂದು ಪೇರಿಸಿದೆ,
ಊಟದೆಲೆ ಪೇರಿಸಿದ ಹಾಗೆ, ತುದಿಗೆ ತುದಿ ಕೂಡಿಸಿ.
ಈಗ ಪ್ರತಿ ಚುಕ್ಕೆಗೂ ತೊಂಬತ್ತು ಸಾಕ್ಷಿ.
ಎಂಬತ್ತೊಂಬತ್ತು ಹೇಳುತ್ತವೆ: ಇಲ್ಲಿ ಕತ್ತಲೆ.
ಒಂದು ಹೇಳುತ್ತದೆ: ಇಲ್ಲ, ನಾನು ಕಂಡೆ, ಬೆಂಕಿಗೆರೆಯೊಂದು ಹೋಯಿತು.

ಕಂಪ್ಯೂಟರು ಕೇಳುವುದು ಒಂದೇ ಅಂಕಿ, ಸಿಗ್ಮಾ ಎಷ್ಟು?
ಅಂದರೆ, ಸರಾಸರಿಯಿಂದ ಎಷ್ಟು ಮಾರು ದೂರ ಹೋದವನನ್ನು
ನಮ್ಮವನಲ್ಲ ಅನ್ನಬೇಕು?
ಮಾರು ಎಂದರೆ ಎಲ್ಲ ಕಡೆ ಒಂದೇ ಮಾರಲ್ಲ,
ಆ ಚುಕ್ಕೆಯ ಮಂದಿ ಎಷ್ಟು ಚೆದುರಿ ಕೂತಿದ್ದಾರೋ ಅಷ್ಟುದ್ದ.

ಮೊದಲು ಒಂದೂವರೆ ಇಟ್ಟೆ. ಸಿಟ್ಟಿನ ಹೆಡ್ಮಾಸ್ತರನ ಅಂಕಿ.
ಉಪಗ್ರಹ ಹೋದವು, ವಿಮಾನ ಹೋದವು,
ಗಾಳಿಗೆ ಕೊಂಚ ಹೊಳಪು ಏರಿಳಿದ ತಪ್ಪಿಗೆ
ಜ್ಯೇಷ್ಠೆಯ ನಟ್ಟನಡುವೆ ತೂತು,
ಇಲಿ ಕಡಿದ ಅಂಗಿಗುಂಡಿಯಂತೆ.
ಐದಕ್ಕೆ ಏರಿಸಿದೆ. ಎಲ್ಲರೂ ಒಳಗೆ ಬಂದರು,
ಆಕಾಶದ ತುಂಬ ಕಚ್ಚಾ ಹೊಲಿಗೆ, ಬಿಳಿ ದಾರದ್ದು.

ಹೋದ ವರ್ಷ ಮೋಡ ಕವಿದು ಐದೇ ಪಟ ಸಿಕ್ಕಿದ್ದವು.
ಎರಡಿಟ್ಟರೂ ಒಂದು ಗೆರೆ ಅಳಿಯಲಿಲ್ಲ.
ಐದು ಜನರ ಪಂಚಾಯ್ತಿಯಲ್ಲಿ ಒಬ್ಬ ಕಿರುಚಿದರೆ
ಸರಾಸರಿಯೇ ಅವನ ಕಡೆ ವಾಲುತ್ತದೆ,
ಅಳತೆಗೋಲನ್ನೂ ಅವನೇ ಉದ್ದ ಮಾಡಿಕೊಳ್ಳುತ್ತಾನೆ,
ಆಮೇಲೆ ಅವನನ್ನು ಹಿಡಿಯುವವರು ಯಾರು?
ತೊಂಬತ್ತು ಜನ ಕೂತಲ್ಲಿ
ಕಿರುಚಿದ್ದು ಕಿರುಚಿದ ಹಾಗೇ ಕೇಳುತ್ತದೆ.

ಕೊನೆಗೆ ಕೆಳಗೆ ನಾಲ್ಕು, ಮೇಲೆ ಮೂರು.
ರಾತ್ರಿಯಲ್ಲಿ ದಾರಿತಪ್ಪಿ ಬರುವವರು ಹೆಚ್ಚಾಗಿ ಬೆಳಕು ಹೊತ್ತೇ ಬರುವುದು,
ಅದಕ್ಕೆ ಮೇಲಿನ ಅಗುಳಿ ಬಿಗಿ.
ಧೂಳು ಬಣ್ಣ ತಾಳಿತು. ಹಳದಿ, ನೀಲಿ, ಮಾಯುತ್ತಿರುವ ಗಾಯದ ಕೆಂಪು.
ಚೌಕಟ್ಟು ಹಾಕಿಸಿ ಎಕ್ಸ್‌ರೇ ಕೋಣೆಯ ಹೊರಗೆ ತೂಗುಹಾಕಿದೆ.

ಆಂಬುಲೆನ್ಸಿನ ಧರಣೇಂದ್ರ ಬಂದು ನಿಂತ, ಬಹಳ ಹೊತ್ತು.
ಆ ರಾತ್ರಿ ಅವನೂ ದಂಡೆಯಲ್ಲಿದ್ದ,
ಗಾಡಿಯ ಮೆಟ್ಟಿಲ ಮೇಲೆ, ಫ್ಲಾಸ್ಕು ಕಾಲ ಬಳಿ.
ಅರವತ್ತೊಂದನೇ ಪಟಕ್ಕೆ ಫೋನು ಬಂತು, ಯಡೂರಿನ ಬಸುರಿ.
ಎಲ್ಲಿ ನನ್ನ ಗಾಡಿ? ಅಂದ.
ತೆಗೆದುಹಾಕ್ತು ಕಣೋ, ಅಂದೆ, ಎರಡೇ ಪಟದಲ್ಲಿ ಇದ್ದೆ ನೀನು.
ಆ ಕೂಸಿಗೆ ಮೊನ್ನೆ ಮೂರನೇ ಚುಚ್ಚುಮದ್ದು, ಅಂದ,
ಇನ್ನೂ ಹುಡುಕುತ್ತಲೇ.

ಒಳಗೆ ಕರೆದು ಇನ್ನೊಂದು ಪಟ ತೆರೆದೆ.
ಬೇಡವೆಂದದ್ದನ್ನೆಲ್ಲ ಯಂತ್ರ ಗುಡಿಸಿ ಒಂದು ಕಡೆ ಇಡುತ್ತದೆ,
ಕೇಳಿದವರಿಗೆ ಮಾತ್ರ ಕೊಡುತ್ತದೆ.
ಅದರಲ್ಲಿ ನಕ್ಷತ್ರವಿಲ್ಲ.
ಹನ್ನೊಂದು ಉಪಗ್ರಹ,
ಮಂಗಳೂರಿಗೆ ಇಳಿಯುವ ವಿಮಾನದ ಕೆಂಪು ಹಸಿರು ಚುಕ್ಕೆಸಾಲು,
ಲೆನ್ಸಿನ ಮುಂದೆಯೇ ಸುಳಿದ ಮಿಂಚುಹುಳದ ಗೀಚು,
ನಾವಿಬ್ಬರೂ ಹೋ ಎಂದು ಕೂಗಿದ್ದ ಉಲ್ಕೆ,
ಏನೆಂದು ತಿಳಿಯದ್ದು ಎರಡು.
ಮೂಲೆಯಲ್ಲಿ, ನೀರ ಮೇಲಿನ ಮಂಜಿಗೆ ತಾಗಿ ಹರಡಿದ ನೀಲಿ.

ಅವನು ಅದರ ಮೇಲೆ ಬೆರಳಿಟ್ಟ.
ತಿರುವು ದಾಟೋ ತನಕ ಸೈರನ್ ಹಾಕ್ಲಿಲ್ಲ ಮಾರಾಯ,
ನಿನ್ನ ಚುಕ್ಕಿ ಅಲ್ಲಾಡಿದ್ರೆ ಅಂತ.